ಕರೆಂಟ್ ಬಂತು, ಪರದೆ ಯಾಕೆ ಬರಲಿಲ್ಲ?

ಔರಾದ್ ತಾಲ್ಲೂಕಿನ ಎಕಂಬಾದ ಓದುಗರೊಬ್ಬರು ಹೈದರಾಬಾದಿನಲ್ಲಿ ಕೆಲಸದಲ್ಲಿದ್ದಾರೆ. ಊರಿನ ಅಂಗಡಿಯ ಲೆಕ್ಕವಿರುವ ಲಿನಕ್ಸ್ ಕಂಪ್ಯೂಟರನ್ನು ವಿಎನ್‌ಸಿ ಎಂಬ ತಂತ್ರಾಂಶದ ಮೂಲಕ ಅಲ್ಲಿಂದಲೇ ತೆರೆದು ನೋಡುತ್ತಾರೆ. ಅವರ ಪ್ರಶ್ನೆ ಇದು: ‘ಮೇ ತಿಂಗಳ ಗಾಳಿಮಳೆಗೆ ಕರೆಂಟ್ ಹೋಗಿ ಬರುತ್ತದೆ. ಕಂಪ್ಯೂಟರ್ ತಾನಾಗಿಯೇ ಚಾಲೂ ಆಗುತ್ತದೆ, ನೆಟ್ ಕೂಡ ಇರುತ್ತದೆ. ಆದರೆ ಪರದೆ ಒಮ್ಮೊಮ್ಮೆ ತೆರೆಯುತ್ತದೆ, ಒಮ್ಮೊಮ್ಮೆ ಇಲ್ಲ. ಯುಪಿಎಸ್ ಹಾಕಿಸಿದರೆ ಸರಿಹೋದೀತೇ?’

ಉತ್ತರದ ಸುಳಿವು ಆ ‘ಒಮ್ಮೊಮ್ಮೆ’ಯಲ್ಲೇ ಇದೆ. ವಿಎನ್‌ಸಿ ಸರ್ವರ್ ಶುರುವಾಗುವಾಗ ಒಂದು ಪುಟ್ಟ ಫೈಲ್ ಬರೆದಿಡುತ್ತದೆ. ಅದರೊಳಗೆ ಇರುವುದು ಒಂದೇ ಸಂಖ್ಯೆ, ಉದಾಹರಣೆಗೆ 1432. ಓಡುತ್ತಿರುವ ಆ ಪ್ರೋಗ್ರಾಮಿಗೆ ಲಿನಕ್ಸ್ ಕೊಟ್ಟ ಗುರುತು ಸಂಖ್ಯೆ, ಅಂದರೆ ಪಿಐಡಿ, ಅದು. ‘ಒಂದನೇ ಪರದೆ ನನ್ನದು’ ಎಂದು ಸಾರುವುದೇ ಆ ಫೈಲಿನ ಕೆಲಸ. ಬೀದರ್ ಬಸ್ ಸ್ಟ್ಯಾಂಡಿಗೆ ಔರಾದ್ ಬಸ್ಸು ಬಂದು ನಿಲ್ಲುವಷ್ಟರಲ್ಲಿ ಕಿಟಕಿಯಿಂದ ದಸ್ತಿ ಎಸೆದು ಸೀಟು ಹಿಡಿಯುತ್ತೇವಲ್ಲ, ಹಾಗೆ. ಇಳಿಯುವಾಗ ದಸ್ತಿ ಎಸೆದವರೇ ಅದನ್ನು ಎತ್ತಿಕೊಂಡು ಹೋದರೆ ಯಾವ ತಕರಾರೂ ಇಲ್ಲ. ಕಂಪ್ಯೂಟರನ್ನು ಕ್ರಮವಾಗಿ ಬಂದ್ ಮಾಡಿದಾಗ ಆಗುವುದು ಅದೇ. ಕರೆಂಟ್ ದಿಢೀರನೆ ಹೋದರೆ ಕುಳಿತವರು ಮಾಯ, ದಸ್ತಿ ಮಾತ್ರ ಸೀಟಿನ ಮೇಲೆ! ಕಂಪ್ಯೂಟರ್ ಮತ್ತೆ ಎದ್ದಾಗ ಬರುವ ಹೊಸ ವಿಎನ್‌ಸಿ ‘ಸೀಟು ಭರ್ತಿ’ ಎಂದುಕೊಂಡು ವಾಪಸಾಗುತ್ತದೆ.

‘ಇದು ಯಾರ ದಸ್ತಿ?’ ಎಂದು ಕೇಳಿ ನೋಡುವ ಪ್ರೋಗ್ರಾಮುಗಳೂ ಇವೆ. ಲಿನಕ್ಸಿನಲ್ಲಿ ಚಿತ್ರ ಮೂಡಿಸುವ ಎಕ್ಸ್ ಸರ್ವರ್ ಇಂಥದೇ ತನ್ನ ಲಾಕ್ ಫೈಲಿನಲ್ಲಿರುವ ಸಂಖ್ಯೆ ಓದಿ, ಆ ಸಂಖ್ಯೆಯವರು ಬದುಕಿಲ್ಲವಾದರೆ ಫೈಲನ್ನು ತೆಗೆದುಹಾಕುತ್ತದೆ. ಆದರೆ ಪ್ರತಿ ಸಲ ಏಳುವಾಗಲೂ ಲಿನಕ್ಸ್ ಸಂಖ್ಯೆಗಳನ್ನು 1ರಿಂದಲೇ ಹಂಚುತ್ತದೆ. ನಿನ್ನೆ ವಿಎನ್‌ಸಿಗೆ ಸಿಕ್ಕಿದ್ದ 1432 ಇಂದು ಪ್ರಿಂಟರ್ ಸೇವೆಯ ಪಾಲಾಗಿರಬಹುದು. ‘1432 ಇದ್ದಾರೆಯೇ?’ ಎಂದರೆ ‘ಇದ್ದೇನೆ’ ಎಂಬ ಉತ್ತರ ಬರುತ್ತದೆ. ಬಾರದ ದಿನ ಪರದೆ ತೆರೆಯುತ್ತದೆ, ಬಂದ ದಿನ ಇಲ್ಲ. ಈಗಿನ ಬಹುಪಾಲು ಲಿನಕ್ಸ್‌ಗಳು ಏಳುವಾಗ ಎಕ್ಸ್ ಸರ್ವರಿನ ಹಳೆಯ ಲಾಕ್ ಫೈಲ್‌ಗಳನ್ನು ಗುಡಿಸುತ್ತವೆ, ನಿಜ. ಬಳಕೆದಾರರ ಸ್ವಂತ ಫೋಲ್ಡರಿನಲ್ಲಿ ವಿಎನ್‌ಸಿ ಬಿಟ್ಟುಹೋದದ್ದು ಮಾತ್ರ ಹಾಗೆಯೇ ಉಳಿಯುತ್ತದೆ.

ಇದರಲ್ಲಿ ನನ್ನನ್ನು ಬಹಳವಾಗಿ ಸೆಳೆಯುವುದು ವಿಎನ್‌ಸಿಯ ಹುಟ್ಟು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಒಲಿವೆಟ್ಟಿ-ಒರೇಕಲ್ ಸಂಶೋಧನಾಲಯದ ಟ್ರಿಸ್ಟನ್ ರಿಚರ್ಡ್‌ಸನ್, ಆಂಡಿ ಹಾಪರ್ ಮತ್ತು ಸಂಗಡಿಗರು 1998ರಲ್ಲಿ ಇದನ್ನು ಜಗತ್ತಿಗೆ ಪರಿಚಯಿಸಿದರು. ನೋಡುವವರ ಕಡೆಯ ಕಂಪ್ಯೂಟರ್ ಯಾವುದನ್ನೂ ನೆನಪಿಟ್ಟುಕೊಳ್ಳಬಾರದು ಎಂಬುದು ಅವರ ಹೊಳಹು. ಅದು ನಡುವೆ ಆರಿಹೋದರೆ ಇನ್ನೊಂದು ಊರಿನ ಇನ್ನೊಂದು ಕಂಪ್ಯೂಟರಿನಿಂದ ಸೇರಿಕೊಳ್ಳಿ, ಮೌಸಿನ ಬಾಣ ಕೂಡ ಬಿಟ್ಟ ಜಾಗದಲ್ಲೇ ಇರುತ್ತದೆ. ಎಂಥ ಸೊಗಸಾದ ವಿಚಾರ! ನೆನಪಿನ ಭಾರವೆಲ್ಲ ಸರ್ವರಿನ ತಲೆಗೆ ಬಿತ್ತು, ಅದೇ ಸತ್ತರೆ ಎಂಬ ಚಿಂತೆ ಹಿಂದೆ ಉಳಿಯಿತು.

ಆ ಚಿಂತೆಯನ್ನು ನೇರವಾಗಿ ಎತ್ತಿಕೊಂಡವರು ಸ್ಟ್ಯಾನ್‌ಫರ್ಡ್‌ನ ಜಾರ್ಜ್ ಕ್ಯಾಂಡಿಯಾ ಮತ್ತು ಅರ್ಮಾಂಡೊ ಫಾಕ್ಸ್. 2003ರಲ್ಲಿ ಅವರು ಮಂಡಿಸಿದ ಪ್ರಬಂಧದ ಸಾರ ಇಷ್ಟೆ: ಪ್ರೋಗ್ರಾಮಿಗೆ ‘ಸರಿಯಾದ ಸಾವು’ ಎಂಬುದೇ ಬೇಡ, ಅದು ನಿಲ್ಲುವುದೆಂದರೆ ದಿಢೀರನೆ ನಿಲ್ಲುವುದು, ಏಳುವುದೆಂದರೆ ಅಂಥ ಸಾವಿನಿಂದ ಚೇತರಿಸಿಕೊಳ್ಳುವುದು. ಅವರ ಅಳತೆಯಲ್ಲಿ ರೆಡ್‌ಹ್ಯಾಟ್ ಲಿನಕ್ಸ್ 8 ಕ್ರಮವಾಗಿ ಮುಚ್ಚಿ ಮತ್ತೆ ಏಳಲು 104 ಸೆಕೆಂಡ್ ಬೇಕಾಯಿತು, ಥಟ್ಟನೆ ಕೊಂದು ಎಬ್ಬಿಸಲು 75 ಸೆಕೆಂಡ್ ಸಾಕಾಯಿತು. ಹೇಗೂ ಕರೆಂಟ್ ಹೇಳದೆ ಕೇಳದೆ ಹೋಗುವಾಗ, ಆ ದಾರಿಯನ್ನೇ ಗಟ್ಟಿ ಮಾಡುವುದು ಜಾಣತನ.

ಎಕಂಬಾದ ಕಂಪ್ಯೂಟರಿಗೆ ಇದನ್ನು ಅನ್ವಯಿಸೋಣ. ಲೆನಾರ್ಟ್ ಪಟರಿಂಗ್ ಮತ್ತು ಕೇ ಸೀವರ್ಸ್ 2010ರಲ್ಲಿ ಹೊರತಂದ, ಸೇವೆಗಳನ್ನು ಶುರುಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿ ಇಂದು ಹೆಚ್ಚಿನ ಲಿನಕ್ಸ್‌ಗಳಲ್ಲಿದೆ. ಬಸ್ಸಿನ ಕಂಡಕ್ಟರ್‌ನಂತೆ ಯಾರು ಒಳಗಿದ್ದಾರೆ ಎಂಬ ಲೆಕ್ಕ ಅದಕ್ಕೆ ಸ್ವತಃ ಗೊತ್ತು, ದಸ್ತಿಯನ್ನು ನೋಡಬೇಕಾಗಿಲ್ಲ. ಆದ್ದರಿಂದ ವಿಎನ್‌ಸಿಯನ್ನು ಅದರ ಕೈಗೇ ಒಪ್ಪಿಸಿ. ಸೇವೆಯನ್ನು ‘ಸ್ಟಾರ್ಟ್’ ಮಾಡಿದರೆ ಈಗಷ್ಟೇ ಶುರು, ‘ಎನೇಬಲ್’ ಮಾಡಿದರೆ ಕಂಪ್ಯೂಟರ್ ಎದ್ದಾಗಲೆಲ್ಲ ಶುರು. ಅದರ ಸೇವಾ ಫೈಲಿನಲ್ಲಿ, ಶುರುವಾಗುವ ಮೊದಲು ಹಳೆಯ ಪಿಐಡಿ ಫೈಲ್ ಅಳಿಸುವ ಒಂದು ಸಾಲು ಸೇರಿಸಿ. ಆ ಸಾಲಿನ ಆಜ್ಞೆಯ ಮುಂದೆ ಒಂದು ಅಡ್ಡಗೆರೆ ಇಟ್ಟರೆ, ಅಳಿಸಲು ಏನೂ ಇಲ್ಲದ ದಿನವೂ ಕೆಲಸ ಮುಂದೆ ಸಾಗುತ್ತದೆ. ಸೋತರೆ ಮತ್ತೆ ಎಬ್ಬಿಸು ಎಂದೂ ಬರೆಯಿರಿ, ಜೊತೆಗೆ 10 ಸೆಕೆಂಡಿನ ಬಿಡುವನ್ನೂ ಕೊಡಿ. ಈ ಬಿಡುವು ಮುಖ್ಯ. ಬಿಡುವಿನ ಬಗ್ಗೆ ಏನೂ ಹೇಳದಿದ್ದರೆ ಸಿಸ್ಟಮ್‌ಡಿ ಒಂದರ ಹಿಂದೊಂದು ಯತ್ನಿಸಿ, 10 ಸೆಕೆಂಡಿನಲ್ಲಿ 5 ಸಲ ಸೋತರೆ ಕೈಚೆಲ್ಲುತ್ತದೆ.

ಇನ್ನು ಯುಪಿಎಸ್. ಅದಿದ್ದರೆ ಎಲ್ಲ ಮುಗಿಯಿತು ಎನ್ನುವವರ ಮಾತನ್ನು ಪೂರ್ತಿ ನಂಬಬೇಡಿ. ಗಳಿಗೆ ಹೊತ್ತು ಕರೆಂಟ್ ಹೋದರೆ ಅದು ಒಳ್ಳೆಯ ಆಸರೆ. ರಾತ್ರಿಯಿಡೀ ಕರೆಂಟಿಲ್ಲದಿದ್ದರೆ ಬ್ಯಾಟರಿಯೂ ಮುಗಿಯುತ್ತದೆ, ದಸ್ತಿ ಮತ್ತೆ ಸೀಟಿನ ಮೇಲೆ. ಇನ್ನೊಂದು ಮಾತು: ಸೇವೆ ಮರಳಿ ಬಂದರೂ ಉಳಿಸದ ಲೆಕ್ಕದ ಹಾಳೆ ಬರುವುದಿಲ್ಲ. ಅದಕ್ಕೆ ಆಗಾಗ ಸೇವ್ ಮಾಡುವುದೊಂದೇ ದಾರಿ.

ಹಳ್ಳಿಗಳಿಗೆಂದು ತಂತ್ರಾಂಶ ಬರೆಯುವವರಲ್ಲಿ ನನ್ನದೊಂದು ಆಗ್ರಹ. ಬ್ಯಾಕಪ್ ಇಟ್ಟುಕೊಂಡು, ಕೆಲಸ ನಡೆಯುತ್ತಿರುವಾಗಲೇ ಸ್ವಿಚ್ ಆರಿಸಿ ಪರೀಕ್ಷಿಸಿ. ಯಾರೂ ಕೀಬೋರ್ಡ್ ಮುಟ್ಟದೆ ಅದು ತಾನಾಗಿಯೇ ಎದ್ದು ನಿಂತ ಮೇಲಷ್ಟೇ ಊರಿಗೆ ಕಳುಹಿಸಿ.