ಬಂಡೆಯ ಬಿರುಕಿನ ನೀರು ಯಾರದು?

ನೆಲದಾಳದ ಬಂಡೆಗೆ ಭಾರಿ ಒತ್ತಡದಿಂದ ನೀರು ನುಗ್ಗಿಸಿ ಬಿರುಕು ಬಿಡಿಸುವ ವಿಧಾನಕ್ಕೆ ‘ಹೈಡ್ರೋಫ್ರಾಕ್ಚರಿಂಗ್’ ಎಂದು ಹೆಸರು. ಅಮೆರಿಕದಲ್ಲಿ ‘ಶೇಲ್’ ಎಂಬ ಪದರಶಿಲೆಯಿಂದ ಅನಿಲ ತೆಗೆಯಲು ಇದನ್ನು ಬಳಸುತ್ತಾರೆ. ಒಂದು ಬಾವಿಗೆ ಕೋಟಿಗೂ ಮಿಕ್ಕಿ ಲೀಟರ್ ನೀರು ಬೇಕಾಗುತ್ತದೆ. ಮರಳು ಮತ್ತು ರಾಸಾಯನಿಕಗಳನ್ನೂ ಅದಕ್ಕೆ ಬೆರೆಸುತ್ತಾರೆ. ಬಾವಿಯಿಂದ ಹಿಂದಿರುಗುವ ಕಲುಷಿತ ನೀರಿನ ವಿಲೇವಾರಿ ಇನ್ನೊಂದು ಸಮಸ್ಯೆ. ಕಾವೇರಿಯ ಮುಖಜಭೂಮಿಯಲ್ಲಿ ಹೊಸ ತೈಲ, ಅನಿಲ ಅನ್ವೇಷಣೆಯನ್ನು ತಮಿಳುನಾಡು 2020ರಲ್ಲಿ ಕಾಯ್ದೆಯ ಮೂಲಕ ನಿಷೇಧಿಸಿತು. ಭತ್ತದ ನೆಲವನ್ನು ಉಳಿಸುವುದು ಅದರ ಉದ್ದೇಶ.

ಅದೇ ಕಾವೇರಿ ಬಯಲಿನ ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಶೇಲ್ ಅನಿಲವಿಲ್ಲ. ಇಲ್ಲಿರುವುದು ಗ್ರಾನೈಟ್, ನೈಸ್‌ಗಳಂತಹ ಗಟ್ಟಿ ಶಿಲೆ. ಆದರೆ ಇಂತಹ ಶಿಲೆಯಲ್ಲಿ ಕೊಳವೆ ಬಾವಿಯ ಇಳುವರಿ ಕುಸಿದಾಗ ಇದೇ ವಿಧಾನವನ್ನು ಚಿಕ್ಕ ಪ್ರಮಾಣದಲ್ಲಿ ಬಳಸುವುದುಂಟು. ಬಾವಿಯ ಒಂದು ಭಾಗವನ್ನು ರಬ್ಬರಿನ ಬಿರಡೆಯಿಂದ ಬಿಗಿಗೊಳಿಸಿ, ಬರಿಯ ನೀರನ್ನೇ ಒತ್ತಡದಿಂದ ಹಾಯಿಸುತ್ತಾರೆ. ಬಿರುಕಿನಲ್ಲಿ ಕಟ್ಟಿಕೊಂಡ ಹೂಳು ಹೊರಬರುತ್ತದೆ, ಸಣ್ಣ ಬಿರುಕುಗಳು ಅಗಲವಾಗಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಇದರಿಂದ ಹೊಸ ನೀರು ಹುಟ್ಟುತ್ತದೆಯೇ? ಇಲ್ಲ. ಗಟ್ಟಿ ಶಿಲೆಯಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಬಿರುಕುಗಳಲ್ಲಿ. ಮಳೆ, ಕೆರೆ, ನಾಲೆಗಳಿಂದ ಇಂಗಿದಷ್ಟೇ ಅದರ ಜಮಾ. ಬಿರುಕು ಅಗಲವಾದರೆ ಪಕ್ಕದ ಜಮೀನಿನಡಿಯ ನೀರೂ ಈ ಬಾವಿಯತ್ತ ಹರಿದು ಬರಬಹುದು.

ಕನ್ನಂಬಾಡಿ ಅಣೆಕಟ್ಟಿನಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ ಈ ಭಾಗವನ್ನು ಕಬ್ಬು, ಭತ್ತದ ನಾಡಾಗಿಸಿತು. ನಾಲೆಯಿಂದ ಜಿನುಗಿದ ನೀರು ಸುತ್ತಲಿನ ಬಾವಿಗಳನ್ನೂ ತುಂಬುತ್ತದೆ. ಆದರೆ ನೀರಿನ ಕೊರತೆಯಾದ ವರ್ಷ ಮದ್ದೂರು, ಮಳವಳ್ಳಿಗಳ ಕೊನೆ ಭಾಗಕ್ಕೆ ನಾಲೆಯ ನೀರು ಸರಿಯಾಗಿ ತಲುಪುವುದಿಲ್ಲ. ಆಗ ರೈತನಿಗೆ ಕೊಳವೆ ಬಾವಿಯೇ ಗತಿ. ನಾಲೆ ನಿಂತಾಗ ಇಂಗುವ ನೀರು ಕಡಿಮೆ, ಎತ್ತುವ ನೀರು ಹೆಚ್ಚು. ಸಾಲ ಮಾಡಿ ಕೊರೆಸಿದ ಬಾವಿಯೂ ಬತ್ತಿದರೆ ಸಂಸಾರವೇ ಕಷ್ಟಕ್ಕೆ ಸಿಲುಕುತ್ತದೆ.

ಆದ್ದರಿಂದಲೇ ಕಾನೂನು ಬಂದಿತು. ಕರ್ನಾಟಕದ 1999ರ ಕಾಯ್ದೆ, ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವುದನ್ನು ತಡೆಯಿತು. 2011ರ ಅಂತರ್ಜಲ ಕಾಯ್ದೆಯ ಪ್ರಕಾರ, ಅಧಿಸೂಚಿತ ಪ್ರದೇಶದಲ್ಲಿ ಬಾವಿ ಕೊರೆಯಲು ಮುಂಚಿತವಾಗಿ ಅನುಮತಿ ಪಡೆಯಬೇಕು. ಕೊರೆಯುವ ಯಂತ್ರಗಳ ಮಾಲೀಕರು ನೋಂದಣಿ ಮಾಡಿಸಬೇಕು.

ಅನುಮತಿ ಪತ್ರದಿಂದಷ್ಟೇ ನೀರು ಉಳಿಯದು. ಕೆರೆಯ ಹೂಳು ತೆಗೆಯುವುದು, ಇಂಗುಗುಂಡಿ ತೋಡುವುದು, ನೀರಿಗೆ ತಕ್ಕ ಬೆಳೆ ಆರಿಸುವುದು ಇವೂ ಅಷ್ಟೇ ಮುಖ್ಯ. ವಿದ್ಯಾರ್ಥಿಗಳೇ, ನಿಮ್ಮ ಊರಿನ ಒಂದು ತೆರೆದ ಬಾವಿಯ ನೀರಿನ ಮಟ್ಟವನ್ನು ಹಿರಿಯರ ಜೊತೆಗೂಡಿ ತಿಂಗಳಿಗೊಮ್ಮೆ ಅಳೆದು ಬರೆದಿಡಿ. ನಾಲೆಗೆ ನೀರು ಬಿಟ್ಟ ಮತ್ತು ನಿಲ್ಲಿಸಿದ ದಿನಗಳನ್ನೂ ಪಕ್ಕದಲ್ಲಿ ಗುರುತಿಸಿ. ನಾಲೆಗೂ ಬಾವಿಗೂ ಇರುವ ನಂಟು ಒಂದು ವರ್ಷದಲ್ಲಿ ನಿಮಗೇ ತಿಳಿಯುತ್ತದೆ.