ಮನೆಯೊಳಗಣ ತಂತಿಬಳೆ ಮತ್ತು ರೇಡಿಯೋದ ಗದ್ದಲ



ಮದ್ದೂರಿಗೂ ಮಂಡ್ಯಕ್ಕೂ ನಡುವಣ ಗೆಜ್ಜಲಗೆರೆಯಲ್ಲಿ ಒಂದು ಮನೆಯನ್ನು ಭಾವಿಸಿಕೊಳ್ಳೋಣ. ರಾತ್ರಿ ಊಟವಾದ ಮೇಲೆ ಹಿರಿಯರೊಬ್ಬರು ಹ್ರಸ್ವತರಂಗದ ರೇಡಿಯೋವನ್ನು ತಿರುಗಿಸುತ್ತಾರೆ. ದೂರದೇಶದ ಮಾತಿಗೆ ಬದಲಾಗಿ ಕರ್ಕಶವಾದ ಮೊರೆತ ಕೇಳುತ್ತದೆ. “ಕೆಟ್ಟೋಗದೆ ಕಣ್ ತಾತ, ಮೂಲೆಗಾಕು” ಎನ್ನುತ್ತಾನೆ ಮೊಮ್ಮಗ. ಅಷ್ಟರಲ್ಲಿ ಕರೆಂಟು ಹೋಗುತ್ತದೆ. ಬ್ಯಾಟರಿಯಿಂದ ನಡೆಯುತ್ತಿದ್ದ ಆ ರೇಡಿಯೋದಲ್ಲಿ ಮಾತು ಸ್ಪಷ್ಟವಾಗಿ ಕೇಳಿಬರುತ್ತದೆ! ಕೆಟ್ಟದ್ದು ರೇಡಿಯೋ ಅಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಇದೇ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1935ರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದಾಗಲೂ ಹಳ್ಳಿಯ ಮನೆಗಳಲ್ಲಿ ವಿದ್ಯುದುಪಕರಣಗಳು ಅಪರೂಪವಾಗಿದ್ದುವು. ಇಂದು ಕೋಣೆಕೋಣೆಗೂ ಎಲ್‌ಇಡಿ ದೀಪ, ಮೊಬೈಲ್ ಚಾರ್ಜರು. ಇಂಥ ಅನೇಕ ಉಪಕರಣಗಳು ತಮ್ಮೊಳಗೆ ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಕೂಡಿಸುತ್ತವೆ. ಸರಿಯಾದ ಸೋಸುವ ಏರ್ಪಾಡಿಲ್ಲದ ಅಗ್ಗದ ಸಾಮಾನಿನಿಂದ ಈ ಗದ್ದಲ ಹ್ರಸ್ವತರಂಗದವರೆಗೂ ಏರಿ, ಗೋಡೆಯ ತಂತಿಗಳ ಮೂಲಕ ಮನೆಯೆಲ್ಲ ಹರಡುತ್ತದೆ.

ಆದ್ದರಿಂದ ಶಕ್ತಿವರ್ಧಕವನ್ನು ಕೊಳ್ಳುವುದಕ್ಕೆ ಆತುರಪಡಬೇಕಾಗಿಲ್ಲ. ಅದು ಮಾತನ್ನು ಹಿಗ್ಗಿಸುವಾಗ ಗದ್ದಲವನ್ನೂ ಅಷ್ಟೇ ಹಿಗ್ಗಿಸುತ್ತದೆ. ನಮಗೆ ಬೇಕಾದುದು ಇವೆರಡರ ನಡುವಣ ಅಂತರ.

ಮೊದಲು ರೇಡಿಯೋವನ್ನು ಬ್ಯಾಟರಿಯಿಂದ ನಡೆಸಿ, ಮನೆಯ ದೀಪ, ಚಾರ್ಜರುಗಳನ್ನು ಒಂದೊಂದಾಗಿ ಆರಿಸುತ್ತ ಬರೋಣ. ಯಾವುದನ್ನು ಆರಿಸಿದಾಗ ಮೊರೆತ ತಗ್ಗಿತೋ ಅದೇ ಅಪರಾಧಿ. ಅದನ್ನು ಬದಲಾಯಿಸಬೇಕು, ಇಲ್ಲವೆ ಕೇಳುವಷ್ಟು ಹೊತ್ತು ಆರಿಸಿಡಬೇಕು. ಅದನ್ನು ಬಿಚ್ಚಿ ನೋಡುವುದು ಅಪಾಯಕರ.

ಅನಂತರ ತಂತಿಬಳೆ. ಬಿದಿರಿನ ಎರಡು ದಬ್ಬೆಗಳನ್ನು ಅಡ್ಡಡ್ಡ ಕಟ್ಟಿ, ಎರಡೂವರೆ ಮೀಟರ್ ದಪ್ಪ ತಾಮ್ರದ ತಂತಿಯನ್ನು ಬಳೆಯಾಗಿ ಬಳಸಿದರೆ ಅದರ ಅಡ್ಡಳತೆ ಸುಮಾರು 80 ಸೆಂಟಿಮೀಟರ್ ಆಗುತ್ತದೆ. ತಂತಿಯ ಎರಡು ತುದಿಗಳನ್ನು ಹಳೆಯ ರೇಡಿಯೋದಿಂದ ತೆಗೆದ ಗ್ಯಾಂಗ್ ಕಂಡೆನ್ಸರಿಗೆ ಸೇರಿಸಬೇಕು. ಅದಕ್ಕೆದುರಾಗಿ, ದೊಡ್ಡ ಬಳೆಯೊಳಗೆ, ಅದರ ಐದನೆಯ ಒಂದು ಪಾಲಿನಷ್ಟು ಅಡ್ಡಳತೆಯ ಕಿರುಬಳೆಯೊಂದನ್ನು ಕಟ್ಟಿ, ಅದರಿಂದ ಮಾತ್ರ ರೇಡಿಯೋದ ಏರಿಯಲ್ ಕಿಂಡಿಗೆ ಕೇಬಲ್ ಒಯ್ಯಬೇಕು. ಬಳೆಗಳೆರಡೂ ಒಂದನ್ನೊಂದು ಮುಟ್ಟಕೂಡದು. 31 ಮೀಟರ್ ಪಟ್ಟಿಯಲ್ಲಿ ಹಿಡಿದ ನಿಲಯ ಅತ್ಯಂತ ಗಟ್ಟಿಯಾಗಿ ಕೇಳುವವರೆಗೆ ಕಂಡೆನ್ಸರನ್ನು ತಿರುಗಿಸಬೇಕು. ಬೇರೆ ನಿಲಯಕ್ಕೆ ಹೋದಾಗ ಮತ್ತೆ ಹೊಂದಿಸಬೇಕು.

ಈ ಬಳೆಯ ಗುಣವಿರುವುದು ಅದರ ಕಿವುಡಿನಲ್ಲಿ. ಅದರ ಅಂಚು ತೋರುವ ದಿಕ್ಕುಗಳಿಂದ ಬರುವುದು ಚೆನ್ನಾಗಿ ಕೇಳುತ್ತದೆ. ಅದರ ಮುಖ ನೇರವಾಗಿ ನೋಡುವ ದಿಕ್ಕುಗಳಿಂದ ಬರುವುದು ಕುಗ್ಗುತ್ತದೆ. ದೂರದ ನಿಲಯದ ಅಲೆ ಆಕಾಶದಿಂದ ಓರೆಯಾಗಿ ಇಳಿಯುವುದರಿಂದ ಅಷ್ಟಾಗಿ ಕುಗ್ಗುವುದಿಲ್ಲ. ಆದಕಾರಣ ನಿಲಯವನ್ನು ಹುಡುಕಿ ಬಳೆಯನ್ನು ತಿರುಗಿಸುವುದಕ್ಕಿಂತ, ಗದ್ದಲವು ಅಡಗುವವರೆಗೆ ತಿರುಗಿಸುವುದೇ ಜಾಣತನ. ಗೋಡೆಯ ತಂತಿಗಳಿಂದ ನಾಲ್ಕಾರು ಅಡಿ ದೂರವಿಟ್ಟರೆ ಇನ್ನೂ ಮೇಲು.

ಆದರೂ ಮೊರೆತ ಉಳಿದರೆ ಕೇಬಲನ್ನು ಸಂಶಯಿಸಬೇಕು. ಅದರ ಹೊರಕವಚವೇ ಏರಿಯಲ್ಲಾಗಿ ಗದ್ದಲವನ್ನು ಒಳತರುವುದುಂಟು. ಕೇಬಲನ್ನು ಫೆರೈಟ್ ಬಳೆಯೊಂದರಲ್ಲಿ ಏಳೆಂಟು ಸುತ್ತು ಸುತ್ತಿದರೆ ಈ ಕಳ್ಳದಾರಿ ಬಹುಮಟ್ಟಿಗೆ ಮುಚ್ಚುತ್ತದೆ.

ಗದ್ದಲ ಎರಡು ಮೂರು ದಿಕ್ಕಿನಿಂದ ಬಂದರೆ ಬಳೆಯೊಂದೇ ಎಲ್ಲವನ್ನೂ ತಡೆಯಲಾರದು. ಆಗ ಮನೆಯವರ ಸಹಕಾರವೇ ಬೇಕು. ಕೇಳುವ ಅರ್ಧ ಗಂಟೆ ಆ ಒಂದು ದೀಪವನ್ನು ಆರಿಸಿಕೊಟ್ಟರೆ, ತಾತನಿಗೆ ಲೋಕದ ಮಾತು ಕೇಳಲು ಕರೆಂಟು ಹೋಗಲೆಂದು ಕಾಯಬೇಕಾದ ಪ್ರಮೇಯವಿರುವುದಿಲ್ಲ.