'ಶಿನ್‌ಚಾನ್ ಮೊದಲಿನಂಗ ಉಳಿದಿಲ್ಲ': ನವಲಗುಂದದ ಕಟ್ಟೆ ಜಗಳ ಮತ್ತು ಅದರೊಳಗಿನ ರಾಜಕಾರಣ

ಈ ಸಲ ಹೋಳಿ ಹುಣ್ಣಿಮೆಗೆ ನವಲಗುಂದದ ಅತ್ತೆ ಮನೆಗೆ ಹೋಗಿದ್ದೆ. ರಾಮಲಿಂಗ ಕಾಮಣ್ಣನ ದರ್ಶನಕ್ಕೆ ಊರ ತುಂಬ ಮಂದಿ. ದರ್ಶನ ಮುಗಿಸಿ, ಗಿರ್ಮಿಟ್ ಕಟ್ಟಿಸಿಕೊಂಡು ಬಂದು ನಾವು ಐದಾರು ಜನ ಕಟ್ಟೆ ಮೇಲೆ ಕೂತೆವು. ಮಾತು ಕಡಲೆ ರೇಟಿಗೋ ಮಹದಾಯಿಗೋ ಹೋಗುತ್ತೆ ಅಂದುಕೊಂಡಿದ್ದೆ. ಹೋಗಿದ್ದು ಶಿನ್‌ಚಾನ್‌ಗೆ.

"ಶಿನ್‌ಚಾನ್ ಮೊದಲಿನಂಗ ಉಳಿದಿಲ್ಲ ಬಿಡಪಾ. ಬರೇ ಸಪ್ಪಗ ಆಗೇತಿ" ಅಂದ ಮಾವನ ಮಗ. ಅವನಿಗೀಗ ಇಪ್ಪತ್ತಾರು, ಹುಬ್ಬಳ್ಳಿಯಲ್ಲಿ ಕೆಲಸ. ಪಕ್ಕದಲ್ಲೇ ಇದ್ದ ಅಕ್ಕನ ಮಗಳಿಗೆ ಒಂಬತ್ತು. ಅವಳು ಸಿಟ್ಟಿಗೆದ್ದಳು: "ನಿಮಗ ವಯಸ್ಸಾಗೇತಿ ಮಾಮಾ, ಶಿನ್‌ಚಾನ್‌ಗಲ್ಲ."

ಅರ್ಧ ತಾಸು ಜಗಳ ನಡೀತು. ಮೊದಲು ನನಗೆ ನಗು ಬಂತು. ಆಮೇಲೆ ಅನ್ನಿಸಿತು, ಇಬ್ಬರೂ ಅರ್ಧರ್ಧ ಸರಿ. ಒಂದು ಕಾಮಿಡಿ ಮೂವತ್ತು ವರ್ಷ ನಡೆದಾಗ ಅದಕ್ಕೆ ಏನಾಗುತ್ತೆ ಅನ್ನೋದು ನೋಡುಗರ ಹಳಹಳಿಕೆಯಷ್ಟೇ ಅಲ್ಲ. ಅದರಲ್ಲಿ ದುಡ್ಡಿದೆ, ಸೆನ್ಸಾರ್ ಇದೆ, ಭಾಷೆ ಇದೆ. ನಮ್ಮ ಭಾಗದವರಿಗೆ ಇನ್ನೂ ಒಂದು ವಿಷಯ ಇದೆ. ಅದಕ್ಕೆ ಕೊನೆಗೆ ಬರ್ತೀನಿ.

ಐದು ವರ್ಷದ ಹುಡುಗನಿಗೆ ಮೂವತ್ತು ದಾಟಿತು

ಮೊದಲು ಹಿನ್ನೆಲೆ. ಯೋಶಿಟೊ ಉಸುಯಿ ಎಂಬ ಜಪಾನಿ ಚಿತ್ರಕಾರ 1990ರಲ್ಲಿ ಶುರು ಮಾಡಿದ ಕಾಮಿಕ್ಸ್ ಇದು. ಅದು ಬರುತ್ತಿದ್ದುದು ದೊಡ್ಡವರು ಓದುವ ವಾರಪತ್ರಿಕೆಯಲ್ಲಿ. 1992ರಲ್ಲಿ ಟಿವಿ ಅಸಾಹಿ ಚಾನೆಲ್ಲಿನಲ್ಲಿ ಕಾರ್ಟೂನ್ ಆಯಿತು, ಇವತ್ತಿಗೂ ನಡೀತಿದೆ. ಟೋಕಿಯೋ ಹತ್ತಿರದ ಕಸುಕಾಬೆ ಊರು, ಸಂಬಳದ ಅಪ್ಪ ಹಿರೋಶಿ, ಮನೆ ನಡೆಸುವ ಅಮ್ಮ ಮಿಸಾಯೆ, ತಂಗಿ ಹಿಮಾವರಿ, ನಾಯಿ ಶಿರೋ, ಮತ್ತು ಐದು ವರ್ಷದ ಶಿನ್‌ಚಾನ್. ಇದು ಮಕ್ಕಳ ಸಾಹಸದ ಕಥೆಯಲ್ಲ. ಬಾಡಿಹೋದ ಮಧ್ಯಮ ವರ್ಗದ ಮನೆಯನ್ನು ಒಂದು ಉಡಾಳ ಹುಡುಗನ ಕಣ್ಣಿಂದ ನೋಡುವ ಸಂಸಾರದ ಕಾಮಿಡಿ.

ಭಾರತಕ್ಕೆ ಬಂದಿದ್ದು 2006ರಲ್ಲಿ, ಹಂಗಾಮಾ ಟಿವಿ ಮೂಲಕ. ಆಗ ನಮ್ಮ ಹಳ್ಳಿಗಳ ಮಾಳಿಗೆ ಮೇಲೆ ಡಿಶ್ಶು ಒಂದೊಂದೇ ಏಳುತ್ತಿದ್ದವು. ಶಾಲೆಯಿಂದ ಓಡಿ ಬಂದು, ಕರೆಂಟ್ ಹೋಗುವ ಮೊದಲು ಎರಡು ಕಂತು ನೋಡಿದರೆ ಆ ದಿನ ಗೆದ್ದ ಹಾಗೆ.

ಇಂಥ ಕಾರ್ಟೂನಿನ ಮೊದಲ ತೊಡಕು ಅದರ ಅನುಕೂಲದಲ್ಲೇ ಇದೆ. ಪಾತ್ರಗಳಿಗೆ ವಯಸ್ಸಾಗಲ್ಲ. ನಟ ಮುದುಕನಾಗಲ್ಲ, ಮಗು ದೊಡ್ಡದಾಗಲ್ಲ, ಹಾಗಾಗಿ ನಿಲ್ಲಿಸೋಕೆ ಕಾರಣವೇ ಹುಟ್ಟಲ್ಲ. ಆದರೆ ಸುತ್ತಲಿನ ಜಗತ್ತಿಗೆ ವಯಸ್ಸಾಗುತ್ತೆ. ಹಿರೋಶಿಗೆ ಸ್ವಂತ ಮನೆ ಇದೆ, ಅದರ ಮೇಲೆ 32 ವರ್ಷದ ಸಾಲ ಇದೆ. ತೊಂಬತ್ತರ ದಶಕದಲ್ಲಿ ಆತ ಸಾಲದಲ್ಲಿ ಬಿದ್ದ ಪಾಪದ ಸಂಬಳದಾರ, ನಗೋದು ಅವನ ಪಾಡಿಗೆ. ಇವತ್ತಿನ ಜಪಾನಿ ಯುವಕನಿಗೆ ಕಾಯಂ ನೌಕರಿ, ಸ್ವಂತ ಮನೆ, ಕಾರು, ಎರಡು ಮಕ್ಕಳಿರುವ ಹಿರೋಶಿ ಅದೃಷ್ಟವಂತನಂತೆ ಕಾಣುತ್ತಾನೆ. ಜೋಕು ಅದೇ, ಅದು ನಿಂತ ನೆಲ ಸರಿದಿದೆ. ಹುಬ್ಬಳ್ಳಿಯಲ್ಲಿ ಗುತ್ತಿಗೆ ಕೆಲಸ ಮಾಡುವ ನನ್ನ ಮಾವನ ಮಗನಿಗೂ ಅದು ತಾಗಿರಬೇಕು. "ಅವನಿಗರೆ ಮನಿ ಸಾಲಾನಾದ್ರೂ ಸಿಕ್ಕೇತಿ" ಅಂದ.

ಬರೆದವನು ಹೋದ ಮೇಲೆ

ಉಸುಯಿ 2009ರ ಸೆಪ್ಟೆಂಬರ್‌ನಲ್ಲಿ ಬೆಟ್ಟ ಹತ್ತಲು ಹೋದಾಗ ಬಿದ್ದು ತೀರಿಕೊಂಡರು. ಕಾಮಿಕ್ಸನ್ನು ಅವರ ತಂಡದವರು ಮುಂದುವರಿಸಿದರು, ಟಿವಿ ಕಾರ್ಟೂನೂ ನಡೆಯಿತು. 26 ವರ್ಷ ಶಿನ್‌ಚಾನ್‌ಗೆ ದನಿ ಕೊಟ್ಟ ಅಕಿಕೊ ಯಾಜಿಮಾ 2018ರಲ್ಲಿ ಬಿಟ್ಟರು. ಆ ದನಿಯನ್ನು ಕಾಪಾಡಿಕೊಳ್ಳುವುದರಲ್ಲೇ ಗಮನವೆಲ್ಲ ಹೋಗಿ, ಪಾತ್ರ ಸಹಜವಾಗಿ ಬರುತ್ತಿಲ್ಲ ಅನ್ನೋದು ಅವರು ಕೊಟ್ಟ ಕಾರಣ.

ಈ ಮಾತು ಬರೀ ಒಬ್ಬ ಕಲಾವಿದೆಯದಲ್ಲ. ಬಹಳ ವರ್ಷ ನಡೆದ ಯಾವುದೇ ಕಾರ್ಯಕ್ರಮದ ರೋಗ ಇದೇ. ಶುರುವಿನಲ್ಲಿ ಬರೆಯೋರು ಜೀವನ ನೋಡಿ ಬರೀತಾರೆ. ಹತ್ತು ವರ್ಷದ ನಂತರ ಹಳೇ ಕಂತು ನೋಡಿ ಬರೀತಾರೆ. ಪಾತ್ರ ತನ್ನದೇ ನಕಲು ಆಗುತ್ತೆ.

ಈ ರೋಗಕ್ಕೆ ಇಂಗ್ಲಿಷ್ ನೋಡುಗರು ಒಂದು ಹೆಸರನ್ನೇ ಇಟ್ಟಿದ್ದಾರೆ: ಫ್ಲಾಂಡರೈಸೇಶನ್. ಹೆಸರು ಬಂದಿದ್ದು 'ದ ಸಿಂಪ್ಸನ್ಸ್' ಎಂಬ ಅಮೆರಿಕನ್ ಕಾರ್ಟೂನಿನಿಂದ. 1989ರ ಡಿಸೆಂಬರ್ 17ರಂದು ಶುರುವಾದ ಅದೂ ಇನ್ನೂ ನಿಂತಿಲ್ಲ. ಅದರಲ್ಲಿ ನೆಡ್ ಫ್ಲಾಂಡರ್ಸ್ ಎಂಬ ಪಕ್ಕದ ಮನೆಯವ. ಮೊದಲು ಒಳ್ಳೇ ಅಪ್ಪ, ಒಳ್ಳೇ ನೆರೆಯವ, ಜೊತೆಗೆ ಸ್ವಲ್ಪ ದೈವಭಕ್ತ. ವರ್ಷ ಕಳೆದಂತೆ ಆ ಭಕ್ತಿಯೊಂದೇ ಉಳಿದು, ಉಳಿದ ಮನುಷ್ಯ ಕರಗಿಹೋದ. ಬಹುಮುಖದ ಪಾತ್ರವನ್ನು ಒಂದೇ ಗುಣಕ್ಕೆ ಇಳಿಸುವುದು: ಫ್ಲಾಂಡರೈಸೇಶನ್ ಅಂದರೆ ಇಷ್ಟೇ.

ಸಿಂಪ್ಸನ್ಸ್ ಅಭಿಮಾನಿಗಳು 'ಇದು ಕೆಟ್ಟೋಯ್ತು' ಅಂತ ತೊಂಬತ್ತರ ದಶಕದಲ್ಲೇ ಕೂಗಲು ಶುರು ಮಾಡಿದ್ದರು. 1997ರ ಫೆಬ್ರವರಿಯ ಒಂದು ಕಂತಿನಲ್ಲಿ ಬರಹಗಾರರು ಆ ಅಭಿಮಾನಿಗಳನ್ನೇ ಗೇಲಿ ಮಾಡಿದರು. ಅಂದರೆ ನಮ್ಮ ಕಟ್ಟೆ ಜಗಳಕ್ಕೆ ಕಡಿಮೆ ಅಂದರೂ ಮೂವತ್ತು ವರ್ಷದ ಇತಿಹಾಸ ಇದೆ.

ಕತ್ತರಿ ಹಾಕಿದವರು ಯಾರು?

ಹಾಗಾದರೆ ಅಕ್ಕನ ಮಗಳು ಹೇಳಿದ್ದು? ಅದರಲ್ಲೂ ನಿಜ ಇದೆ. ನಮಗೆ ನೆನಪಿರೋದು ಒಳ್ಳೇ ಹಳೇ ಕಂತು ಮಾತ್ರ, ಬೋರು ಹೊಡೆಸಿದ್ದು ಮರೆತಿದ್ದೇವೆ. ಇವತ್ತಿನದನ್ನು ಮಾತ್ರ ಒಳ್ಳೇದು ಕೆಟ್ಟದ್ದು ಎಲ್ಲಾ ಸೇರಿಸಿ ಅಳೀತೀವಿ. ಈ ತೂಕದಲ್ಲಿ ಹಳೇದೇ ಗೆಲ್ಲೋದು.

ಆದರೆ 'ಸಪ್ಪಗಾಗಿದೆ' ಅನ್ನೋದು ಪೂರ್ತಿ ಭ್ರಮೆಯಲ್ಲ. ಭಾರತದಲ್ಲಿ 2008ರಲ್ಲಿ ಶಿನ್‌ಚಾನ್ ಪ್ರಸಾರ ನಿಂತಿತು. ಮಕ್ಕಳು ದೊಡ್ಡವರಿಗೆ ಎದುರು ಮಾತಾಡೋದು ಕಲೀತಾರೆ ಅನ್ನೋ ಪೋಷಕರ ದೂರು, ಕೇಂದ್ರ ಸರ್ಕಾರದ ಆಕ್ಷೇಪ. ಮುಂದೆ ಮತ್ತೆ ಬಂದಾಗ ಕತ್ತರಿ ಆಡಿತ್ತು. ಜಪಾನಿನಲ್ಲೂ ಪೋಷಕರ ಸಂಘದ ಸಮೀಕ್ಷೆಗಳಲ್ಲಿ 'ಮಕ್ಕಳಿಗೆ ತೋರಿಸಬಾರದ' ಕಾರ್ಯಕ್ರಮಗಳ ಪಟ್ಟಿಯಲ್ಲಿ ಇದು ವರ್ಷಗಟ್ಟಲೆ ಇತ್ತು. ದೊಡ್ಡವರ ಪತ್ರಿಕೆಯಲ್ಲಿ ಹುಟ್ಟಿದ ಹುಡುಗನನ್ನು ಮಕ್ಕಳ ಚಾನೆಲ್ಲಿಗೆ ತಂದು, ಆಮೇಲೆ ಅವನು ಮಕ್ಕಳ ಹಾಗಿಲ್ಲ ಅಂತ ಬೈದೆವು.

ಗಮನಿಸಿ: ಅಪ್ಪ ಅಮ್ಮನಿಗೆ ಎದುರಾಡುವ ಹುಡುಗ ನಮಗೆ ಅಪಾಯ ಅನ್ನಿಸಿದ. ದಿನಾ ಯಾರನ್ನಾದರೂ ಗುದ್ದಿ ಗೆಲ್ಲುವ ಬಲಶಾಲಿ ಹುಡುಗರ ಕಾರ್ಟೂನುಗಳಿಗೆ ಅಂಥ ತೊಂದರೆ ಆಗಲಿಲ್ಲ. ನಮ್ಮ ಸಮಾಜ ಯಾವುದನ್ನು ಸಹಿಸುತ್ತೆ ಅನ್ನೋದಕ್ಕೆ ಇದಕ್ಕಿಂತ ಚಿಕ್ಕ ಉದಾಹರಣೆ ಬೇಡ.

ದುಡ್ಡಿನ ವಿಷಯವೂ ಇದೆ. 2024ರ ನವೆಂಬರ್‌ನಲ್ಲಿ ಡಿಸ್ನಿಯ ಭಾರತದ ವ್ಯವಹಾರ ಮತ್ತು ರಿಲಯನ್ಸ್‌ನ ವಯಾಕಾಮ್18 ಒಂದಾಗಿ ಜಿಯೋಸ್ಟಾರ್ ಆಯಿತು. ಹಂಗಾಮಾ, ಡಿಸ್ನಿ, ನಿಕಲೋಡಿಯನ್, ಸೋನಿಕ್ ಎಲ್ಲಾ ಈಗ ಒಂದೇ ಛಾವಣಿ ಕೆಳಗೆ. ಮೊದಲು ಪೈಪೋಟಿಗೆ ಬಿದ್ದಿದ್ದ ಚಾನೆಲ್ಲುಗಳಿಗೆ ಈಗ ಒಬ್ಬನೇ ಯಜಮಾನ. ಹಳೇದನ್ನೇ ತಿರುವಿ ಹಾಕಿದರೂ ಮಕ್ಕಳು ನೋಡ್ತಾರೆ ಅಂದಮೇಲೆ ಹೊಸದಕ್ಕೆ, ಅದೂ ಸಣ್ಣ ಭಾಷೆಗಳಲ್ಲಿ, ಖರ್ಚು ಮಾಡುವ ದರ್ದು ಎಲ್ಲಿಂದ ಬರಬೇಕು?

ನಾವು ನಕ್ಕಿದ್ದು ಯಾವ ಭಾಷೆಯಲ್ಲಿ?

ಕಟ್ಟೆ ಜಗಳದಲ್ಲಿ ಯಾರೂ ಎತ್ತದ ಪ್ರಶ್ನೆ ಇದು. ನಾನು ಶಿನ್‌ಚಾನ್ ನೋಡಿದ್ದು ಹಿಂದಿಯಲ್ಲಿ. ನನ್ನ ಓರಗೆಯವರೆಲ್ಲ ಹಾಗೇ. ನಮಗೆ ಹಿಂದಿ ಕಲಿಸಿದ್ದು ಶಾಲೆ ಮೇಷ್ಟ್ರಲ್ಲ, ಶಿನ್‌ಚಾನ್.

ಯಾಕೆ ಹೀಗಾಯಿತು? ಕನ್ನಡದಲ್ಲಿ ಡಬ್ಬಿಂಗ್ ವಿರೋಧ ಅರವತ್ತರ ದಶಕದಷ್ಟು ಹಳೇದು. ಆಗ ಅದಕ್ಕೆ ಗಟ್ಟಿ ಕಾರಣವಿತ್ತು, ಕನ್ನಡ ಚಿತ್ರರಂಗವೇ ಅಳಿಯುವ ಭಯ. ಆದರೆ ಕಾನೂನೇ ಇಲ್ಲದ ಆ ನಿಷೇಧ ದಶಕಗಳ ಕಾಲ ಮುಂದುವರಿಯಿತು. 2012ರಲ್ಲಿ 'ಸತ್ಯಮೇವ ಜಯತೆ' ಪಕ್ಕದ ಭಾಷೆಗಳಲ್ಲಿ ಬಂದರೂ ಕನ್ನಡದಲ್ಲಿ ಬರಲಿಲ್ಲ. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಸ್ಪರ್ಧಾ ಆಯೋಗ 2015ರಲ್ಲಿ ಇಂಥ ತಡೆ ತಪ್ಪು ಅಂತ ಹೇಳಿ ಚಿತ್ರರಂಗದ ಸಂಸ್ಥೆಗಳಿಗೆ ದಂಡ ಹಾಕಿತು. 2020ರ ಲಾಕ್‌ಡೌನ್‌ನಲ್ಲಿ ಡಬ್ ಆದ ಮಹಾಭಾರತವನ್ನು ಮನೆಮಂದಿಯೆಲ್ಲ ಕೂತು ನೋಡಿದರು.

ಮಕ್ಕಳ ಕಾರ್ಟೂನಿಗೆ ಸ್ವಲ್ಪ ವಿನಾಯಿತಿ ಇತ್ತು. ಸನ್ ನೆಟ್‌ವರ್ಕ್ 2009ರಲ್ಲಿ ಚಿಂಟು ಟಿವಿ ತಂದಿತು, ಕಾರ್ಟೂನುಗಳು ಕನ್ನಡ ಮಾತಾಡಿದವು. ಅದನ್ನು ನೋಡಿ ಬೆಳೆದ ಮಕ್ಕಳಿಗೆ ಅದೊಂದು ಹಬ್ಬ. ಆದರೆ ಒಂದು ಚಾನೆಲ್ ಎಷ್ಟು ಹೊತ್ತೀತು?

ಡಬ್ಬಿಂಗಿನಲ್ಲಿ ಕಳೆದುಹೋಗುವ ಇನ್ನೊಂದು ವಿಷಯ ಹೇಳಬೇಕು. ಮೂಲದಲ್ಲಿ ಹಿರೋಶಿ ಉತ್ತರದ ಅಕಿತಾ ಕಡೆಯವನು, ಮಿಸಾಯೆ ದಕ್ಷಿಣದ ಕುಮಾಮೊಟೊ ಕಡೆಯವಳು. ಎರಡೂ ಕಡೆಯ ಅಜ್ಜಂದಿರು ಬಂದರೆ ತಂತಮ್ಮ ಊರ ಮಾತಾಡುತ್ತಾರೆ. ಆ ಸಂಸಾರದ ಅರ್ಧ ನಗು ಆ ಜಟಾಪಟಿಯಲ್ಲಿದೆ. ನಮಗೆ ಸಿಕ್ಕಿದ ಹಿಂದಿಯಲ್ಲಿ ಆ ಊರುಗಳ ವಾಸನೆಯೇ ಇರಲಿಲ್ಲ. ನವಲಗುಂದದ ಸೊಸೆ ಮೈಸೂರಿನ ಅತ್ತೆ ಜೊತೆ ಮಾತಾಡೋದನ್ನು ಊಹಿಸಿಕೊಳ್ಳಿ, ಏನು ಕಳೆದುಕೊಂಡೆವು ಅಂತ ಗೊತ್ತಾಗುತ್ತೆ.

ಒಂದು ಇಡೀ ಸೀಮೆಯ ಫ್ಲಾಂಡರೈಸೇಶನ್

ಈಗ ನಾನು ಮೊದಲು ಹೇಳಿದ ಆ ವಿಷಯ. ಕನ್ನಡ ಟಿವಿ ಕಾಮಿಡಿಗಳಲ್ಲಿ ನಮ್ಮ ಮಾತು ಬರೋದಿಲ್ಲ ಅಂತಲ್ಲ. ಬರುತ್ತೆ, ಜೋಕಾಗಿ ಬರುತ್ತೆ. 'ಧಾರವಾಡ ಕಡೆಯವನು' ಅಂದರೆ ಗಟ್ಟಿ ದನಿ, ರೊಟ್ಟಿ, ಮೆಣಸಿನಕಾಯಿ, 'ಲೇ ಮಗನ'. ಅಷ್ಟಕ್ಕೆ ಮುಗೀತು.

ಪಂಪ ಹುಟ್ಟಿದ ಅಣ್ಣಿಗೇರಿ, ಸವಾಯಿ ಗಂಧರ್ವರ ಕುಂದಗೋಳ, ಬಣ್ಣದ ತೊಟ್ಟಿಲ ಕಲಘಟಗಿ, 1980ರಲ್ಲಿ ರೈತರು ಗುಂಡಿಗೆ ಎದೆಯೊಡ್ಡಿದ ನವಲಗುಂದ. ಇಷ್ಟು ಮುಖ ಇರುವ ಸೀಮೆಯನ್ನು ಒಂದು ಉಚ್ಚಾರಣೆಗೆ ಇಳಿಸಿದ್ದಾರೆ. ನೆಡ್ ಫ್ಲಾಂಡರ್ಸ್‌ಗೆ ಆದದ್ದು ಇದೇ. ವ್ಯತ್ಯಾಸ ಒಂದೇ, ಅವನು ಕಾಗದದ ಮೇಲಿನ ಮನುಷ್ಯ. ನಮ್ಮ ಹುಡುಗರು ಬೆಂಗಳೂರಿನ ಇಂಟರ್‌ವ್ಯೂಗಳಲ್ಲಿ ಬಾಯಿ ತೆರೆದ ಕೂಡಲೇ ಎದುರಿಗಿದ್ದವರ ಮುಖದಲ್ಲಿ ಆ ನಗು ನೋಡ್ತಾರೆ. ನಾನೂ ನೋಡಿದ್ದೇನೆ. ಆಮೇಲೆ ಆರು ತಿಂಗಳು ಆಫೀಸಿನಲ್ಲಿ ಅಳೆದು ತೂಗಿ 'ಹೋಗ್ತೀನಿ, ಬರ್ತೀನಿ' ಅಂದೆ. ಅಮ್ಮ ಫೋನಿನಲ್ಲಿ, "ಯಾಕೋ, ಆರಾಮಿಲ್ಲೇನು?" ಅಂತ ಕೇಳಿದಳು.

ಇದು ತಮಾಷೆ, ಇಷ್ಟು ಸೀರಿಯಸ್ಸಾಗಿ ತಗೋಬಾರದು ಅನ್ನೋರು ಸಿಂಪ್ಸನ್ಸ್‌ನ ಅಪು ಕಥೆ ನೋಡಲಿ. ಅಪು ಭಾರತೀಯ ಅಂಗಡಿಯವ. ಅವನ ಉಚ್ಚಾರಣೆಯೇ ಜೋಕು, ದನಿ ಮಾತ್ರ ಬಿಳಿಯ ನಟ ಹ್ಯಾಂಕ್ ಅಜೇರಿಯಾನದು. ಶಾಲೆಯಲ್ಲಿ ಆ ದನಿಯಿಂದಲೇ ಗೇಲಿಗೊಳಗಾದ ಪೀಳಿಗೆಯ ಪರವಾಗಿ ಹಾಸ್ಯಕಲಾವಿದ ಹರಿ ಕೊಂಡಬೋಲು 2017ರಲ್ಲಿ ಸಾಕ್ಷ್ಯಚಿತ್ರ ಮಾಡಿದರು. 2020ರಲ್ಲಿ ಅಜೇರಿಯಾ ಆ ಪಾತ್ರ ಬಿಟ್ಟರು. ಯಾರೂ ನಗೋದನ್ನು ನಿಷೇಧಿಸಲಿಲ್ಲ. ನಮ್ಮನ್ನು ನೋಡಿ ನಗ್ತೀರೋ, ನಮ್ಮ ಜೊತೆ ನಗ್ತೀರೋ ಅಂತ ಕೇಳಿದರು, ಅಷ್ಟೇ.

ಹಳಸದೆ ಉಳಿಯೋದು ಹೇಗೆ?

ಹಳಸೋದು ಅನಿವಾರ್ಯವಲ್ಲ ಅನ್ನೋದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ. ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ' ದಶಕಗಟ್ಟಲೆ, ಸಾವಿರಾರು ಪ್ರಯೋಗ ಕಂಡಿತು. ನಾಟಕ ಅದೇ, ಮಾತು ಅವತ್ತಿನದು. ಬೆಳಿಗ್ಗೆ ಪೇಪರಿನಲ್ಲಿ ಬಂದ ಸುದ್ದಿ ರಾತ್ರಿ ರಂಗದ ಮೇಲೆ ಇರುತ್ತಿತ್ತು, ಅಧಿಕಾರದಲ್ಲಿದ್ದವರು ಯಾರೇ ಆಗಲಿ. ಅಂದರೆ ಕಾಮಿಡಿಯನ್ನು ಹಾಳು ಮಾಡೋದು ವಯಸ್ಸಲ್ಲ, ಜೀವಂತ ಜನರ ಜೊತೆ ಮಾತು ಬಿಡೋದು.

ಈಗ ನಮ್ಮ ಕಡೆ ಹುಡುಗರು ಕಾರ್ಟೂನ್ ತುಣುಕುಗಳಿಗೆ ಉತ್ತರ ಕರ್ನಾಟಕದ ಮಾತು ಹಾಕಿ ಯೂಟ್ಯೂಬಿಗೆ ಬಿಡ್ತಾರೆ. ಕೆಲವು ಬರೀ ಬೈಗುಳ, ಒಪ್ಪುತ್ತೇನೆ. ಕೆಲವುದರಲ್ಲಿ ಬೆಳೆವಿಮೆ ಬರುತ್ತೆ, ಬಸ್ಸು ತಪ್ಪೋದು ಬರುತ್ತೆ, ಕನ್ಯಾ ಸಿಗದ ರೈತನ ಮಗ ಬರ್ತಾನೆ. ಅಲ್ಲಿ ನಮ್ಮ ಮಾತು ಜೋಕಲ್ಲ. ಜೋಕು ಹೇಳುವವನ ಮಾತು ಅದು.

ಅದನ್ನೇ ಅವತ್ತು ಕಟ್ಟೆ ಮೇಲೆ ಮೊಬೈಲಿನಲ್ಲಿ ಹಚ್ಚಿದೆವು. ಮಾವನ ಮಗ ನಕ್ಕ, ಅಕ್ಕನ ಮಗಳೂ ನಕ್ಕಳು. ಒಳಗಿಂದ ಅತ್ತೆ ಬಂದು ನಿಂತಳು. ಇಷ್ಟು ವರ್ಷ ನಾವು ಶಿನ್‌ಚಾನ್ ನೋಡುವಾಗ ಒಮ್ಮೆಯೂ ಜೊತೆಗೆ ಕೂತವಳಲ್ಲ, ಹಿಂದಿ ತಿಳೀತಿರಲಿಲ್ಲ. ಎರಡು ನಿಮಿಷ ನೋಡಿ, "ಇಂವ ಯಾರ ಮನಿ ಹುಡುಗೋ, ಭಾಳ ಉಡಾಳ ಅದಾನ" ಅಂದಳು. ಆಮೇಲೆ ಸೆರಗು ಸರಿ ಮಾಡಿಕೊಂಡು ನಮ್ಮ ಪಕ್ಕದಲ್ಲೇ ಕೂತಳು.